ಠಸ್ಸೆ ಬಿದ್ದ ಮೇಲೆ ಮಾತಿಲ್ಲ

ಹಿಂದೂಪುರ
16 ನವೆಂಬರ್ 2022, ಬುಧವಾರ

ಇಂದ್ರಾಣಿಗೆ ಅಣ್ಣನ ಆಶೀರ್ವಾದ.

ಕ್ಷೇಮ ಸಮಾಚಾರವೆಲ್ಲ ಮೊನ್ನೆ ಫೋನಿನಲ್ಲೇ ಮುಗಿದಿದೆ. ಫೋನಿನಲ್ಲಿ ಫುಟ್‌ಬಾಲ್ ಮಾತಾಡಬಾರದು ಅನ್ನುವುದು ನಮ್ಮ ಕಾನೂನು, ಆದ್ದರಿಂದ ಇಲ್ಲಿ ನೇರ ವಿಷಯಕ್ಕೆ ಬರುತ್ತೇನೆ.

ಭಾನುವಾರ ಕತಾರಿನಲ್ಲಿ ವರ್ಲ್ಡ್ ಕಪ್ ಶುರು. ನಿನಗೆ ಕಾನೂನು ಮರೆತಿರುವುದಿಲ್ಲ, ಆದರೂ ಪ್ರತಿ ಸಲದ ಹಾಗೆ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಡುವೆ ನೀನು ಹೊಸದೊಂದು ಸೇರಿಸುತ್ತೀಯ. ತೊಂಬತ್ತರಲ್ಲಿ ಪಕ್ಕದ ಆದಿನಾರಾಯಣನ ಮನೆಯ ಟಿವಿಯಲ್ಲಿ ಕ್ಯಾಮರೂನ್ ಗೆದ್ದಾಗ "ನಾನು ಮೊದಲೇ ಹೇಳಿದ್ದೆ" ಅಂತ ನೀನು, "ಹೇಳಿದ್ದು ನಾನು" ಅಂತ ನಾನು. ಆ ಜಗಳ ಇವತ್ತಿಗೂ ತೀರಿಲ್ಲ. ನೀನು ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಮೇಲೆ ಅದಕ್ಕೇ ಈ ಏರ್ಪಾಟು. ಟೀಮಿನ ಹೆಸರನ್ನು ಕಾಗದದಲ್ಲಿ ಬರೆದು ಮ್ಯಾಚಿಗೆ ಮೊದಲು ಪೋಸ್ಟ್ ಮಾಡಬೇಕು. ಲಕೋಟೆಗೆ ತಾರೀಕಿನ ಠಸ್ಸೆ ಬಿದ್ದ ಮೇಲೆ ಮಾತಿಲ್ಲ. ಹಿಡಿದ ಟೀಮು ಮನೆಗೆ ಹೋದರೆ ಉಳಿದದ್ದರಲ್ಲಿ ಇನ್ನೊಂದನ್ನು ಹಿಡಿಯಬಹುದು, ಎದುರಿನವರು ಹಿಡಿದದ್ದನ್ನು ಮಾತ್ರ ಮುಟ್ಟಬಾರದು. ಕೊನೆಗೆ ಸೋತವರು ಬಸ್ಸು ಹತ್ತಿ ಗೆದ್ದವರ ಮನೆಗೆ ಹೋಗಿ, ಒಂದು ಊಟ ಮುಗಿಯುವ ತನಕ ತುಟಿ ಬಿಚ್ಚದೆ ಅವರ ಬಡಾಯಿ ಕೇಳಬೇಕು. ಏಳು ಕಪ್ಪಿನಲ್ಲಿ ನಾನು ನಾಲ್ಕು ಸಲ ಅಲ್ಲಿಗೆ ಬಂದೆ, ನೀನು ಮೂರು ಸಲ ಇಲ್ಲಿಗೆ.

ಈ ಸಲ ನನ್ನ ಟೀಮು ಬ್ರೆಜಿಲ್. ಮುಂದೆ ಆಡುವವರು ಒಬ್ಬರಿಗಿಂತ ಒಬ್ಬರು ಚುರುಕು, ಹಿಂದೆ ನಿಲ್ಲುವವರು ಗೋಡೆ. ಇನ್ನೇನು ಕಾರಣ ಬೇಕು?

ಈ ಸಲ ನೀನು ಸೋಲಬೇಕು, ಅಷ್ಟೆ. ಅಮ್ಮ ಹೋದ ಮೇಲೆ ನೀನು ಈ ಮನೆ ಬಾಗಿಲು ನೋಡಿಲ್ಲ. ಯಾಕೆ ಅಂತ ಕೇಳುವುದಿಲ್ಲ. ಸೋತರೆ ಕಾನೂನಿನ ಪ್ರಕಾರ ಬರಲೇಬೇಕಲ್ಲ. ಬರುವಾಗ ಕಡಲೆಕಾಯಿ ಉಂಡೆ ತರುವುದು.

ನಿನ್ನ ಅಣ್ಣ
ವೆಂಕಟರಾಮಪ್ಪ


ಕಲ್ಯಾಣದುರ್ಗ
19 ನವೆಂಬರ್, ಶನಿವಾರ

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಎರಡು ಸಲ ಓದಿದೆ. ಬ್ರೆಜಿಲ್ ಅಂತ ಬರೆದವನು ನೀನೇನಾ? ನಾವು ಕಾಗದ ಬರೆಯುವುದಕ್ಕೆ ಶುರು ಮಾಡಿದಾಗಿನಿಂದ ನಿನ್ನದು ನೆದರ್‌ಲ್ಯಾಂಡ್ಸ್. ಆಟಕ್ಕಲ್ಲ, ಬಣ್ಣಕ್ಕೆ. "ಆ ಕೇಸರಿ ಬಣ್ಣ ನೂಲಿಗೆ ಹಿಡಿಸೋಕೆ ನನಗೆ ಹತ್ತು ವರ್ಷ ಆಯ್ತು, ಅವರು ಹುಟ್ಟುತ್ತಲೇ ಉಟ್ಟುಕೊಂಡವ್ರೆ" ಅನ್ನುತ್ತಿದ್ದೆ. ಬ್ರೆಜಿಲ್ ಹಿಡಿಯುವವರನ್ನು ಕುರಿಮಂದೆ ಅಂತ ಬೈದವನೂ ನೀನೇ. ನೆದರ್‌ಲ್ಯಾಂಡ್ಸ್ ಕಪ್ಪಿಗೇ ಬರದ ವರ್ಷ ಮೂತಿ ಸೊಟ್ಟ ಮಾಡಿಕೊಂಡು ಬೇರೆ ಟೀಮು ಹಿಡಿದಿದ್ದೆ. ಈ ಸಲ ಬಂದಿದ್ದಾರೆ, ನೀನು ಬಿಟ್ಟಿದ್ದೀಯ.

ಅಕ್ಷರ ಯಾಕೆ ಹಾಗೆ ಇಳಿಜಾರಿಗೆ ಬಿದ್ದಿವೆ? ಕೊನೆಯ ಎರಡು ಸಾಲು ಒಂದರ ಮೇಲೊಂದು ಕೂತಿವೆ. ಮಗ್ಗದ ಮೇಲಿಟ್ಟು ಬರೆಯಬೇಡ ಅಂತ ಎಷ್ಟು ಸಲ ಹೇಳಲಿ.

ನನ್ನ ಟೀಮು ಜಪಾನ್. ಹೋದ ಸಲ ಸೋತು ಮನೆಗೆ ಹೊರಡುವಾಗ ಬಟ್ಟೆ ಬದಲಿಸುವ ಕೋಣೆಯನ್ನು ಗುಡಿಸಿ ಒರೆಸಿ ಹೋದವರು ಅವರು. ಹೊಲಿಗೆ ಅಂಗಡಿ ಇಟ್ಟುಕೊಂಡವಳಿಗೆ ಚೂರು ಬಟ್ಟೆ ಎತ್ತಿಟ್ಟು ಹೋಗುವವರ ಬೆಲೆ ಗೊತ್ತು.

ಇವರು ಕುಂದುರ್ಪಿಗೆ ಜೀಪು ಬಿಡುವುದಕ್ಕೆ ಹೊರಟಿದ್ದವರು ನಿಂತುಕೊಂಡು ನಕ್ಕರು. "ಜಪಾನಾ? ಆ ಗ್ರೂಪಲ್ಲಿ ಜರ್ಮನೀನೂ ಐತೆ, ಸ್ಪೇನೂ ಐತೆ. ಮೂರು ಮ್ಯಾಚು ಆಡಿ ಗಂಟು ಕಟ್ಕಂಡು ಹೋಯ್ತಾರೆ ಕಣೇ" ಅಂದರು. ಹೋಗಲಿ ಬಿಡಿ ಅಂದೆ.

ಇಂದ್ರಾಣಿ


ಹಿಂದೂಪುರ
25 ನವೆಂಬರ್, ಶುಕ್ರವಾರ

ಇಂದ್ರಾಣಿಗೆ ಆಶೀರ್ವಾದ.

ನಿನಗೆ ಯಾರು ಹೇಳಿದರು ಜರ್ಮನಿಯನ್ನು ಸೋಲಿಸು ಅಂತ? ಮೊದಲರ್ಧ ಮುಗಿದಾಗ ನಾನು ಎದ್ದು ಹೋಗಿ ಕಾಲು ತೊಳೆದುಕೊಂಡು, ಇನ್ನೇನು ನಮ್ಮ ಇಂದ್ರಾಣಿಯ ಕಥೆ ಆಯಿತು ಅಂತ ನೆಮ್ಮದಿಯಾಗಿ ತಟ್ಟೆ ಮುಂದೆ ಕೂತೆ. ಎರಡು ತುತ್ತು ಹೋಗಿರಲಿಲ್ಲ, ಸೊಸೆ ಹರಿತಾ ಹೊರಗಿಂದ ಕೂಗಿದಳು. ಆಮೇಲೆ ಇನ್ನೊಂದು ಸಲ ಕೂಗಿದಳು. ನಿನ್ನ ಅತ್ತಿಗೆ, "ಜಪಾನು ಗೆದ್ರೆ ನಿಮಗ್ಯಾಕೆ ಸಾರು ಸೇರಾಕಿಲ್ಲ" ಅಂತ ತಟ್ಟೆ ಎತ್ತಿದಳು.

ಜರ್ಮನಿಯವರಿಗೆ ತಮ್ಮ ಮೇಲೆ ನಂಬಿಕೆ ಜಾಸ್ತಿ. ಒಂದು ಗೋಲು ಹೊಡೆದ ಮೇಲೆ ಮಿಕ್ಕದ್ದು ತಾನಾಗಿ ಆಗುತ್ತದೆ ಅಂದುಕೊಂಡರು. ಅರ್ಜೆಂಟೀನಾ ಸೌದಿಯ ಮುಂದೆ ಮಾಡಿದ್ದೂ ಅದನ್ನೇ.

ನಮ್ಮ ಬ್ರೆಜಿಲ್ ನೋಡು. ಸರ್ಬಿಯಾ ಮೇಲೆ ಎರಡು. ಆ ಎರಡನೇ ಗೋಲಿಗೆ ಹರಿತಾ ಕುರ್ಚಿಯಿಂದ ಎದ್ದುಬಿಟ್ಟಳು, ಕಾಮೆಂಟರಿಯವನಿಗೆ ಗಂಟಲೇ ಕಟ್ಟಿತು, ಪಕ್ಕದ ಬೀದಿಯಲ್ಲಿ ಯಾರೋ ತಟ್ಟೆ ಬಡಿದರು. ಅಂಥ ಗೋಲು.

ನಿನ್ನ ಕಾಗದವನ್ನೂ ಹರಿತಾನೇ ಓದಿದಳು, ನನ್ನ ಕೈಗೆ ಬಣ್ಣ ಅಂಟಿತ್ತು. ಅಕ್ಷರದ ವಿಷಯ ಬಿಡು, ಪೆನ್ನು ಸರಿಯಿಲ್ಲ.

ಅಣ್ಣ


ಕಲ್ಯಾಣದುರ್ಗ
2 ಡಿಸೆಂಬರ್, ಶುಕ್ರವಾರ

ಅಣ್ಣನಿಗೆ ನಮಸ್ಕಾರ.

ಕೋಸ್ಟರಿಕ ಎದುರು ಸೋತಾಗ ಇನ್ನು ಮುಗಿಯಿತು ಅಂದುಕೊಂಡಿದ್ದೆ. ಮುಂದೆ ಸ್ಪೇನು. ಸ್ಪೇನು ಸುಮ್ಮನೆ ಬಿಡುತ್ತದೆಯೇ? ಬಿಟ್ಟಿತು. ಜಪಾನ್ ಗ್ರೂಪಿಗೇ ಮೊದಲು.

ಎರಡನೇ ಗೋಲಿಗೆ ಮೊದಲು ಚೆಂಡು ಗೆರೆ ದಾಟಿತ್ತು ಅಂತ ನಾನೇ ಮೊಬೈಲಿಗೆ ಹೇಳಿದೆ. ಮಿಷನ್ನಿನ ಮೇಲೆ ಮೊಬೈಲ್ ಒರಗಿಸಿ ಹತ್ತು ಸಲ ತೋರಿಸಿದ್ದನ್ನು ಹತ್ತು ಸಲವೂ ನೋಡಿದೆ. ಒಂದು ನೂಲಿನಷ್ಟು ಒಳಗಿತ್ತಂತೆ. ನಲವತ್ತು ವರ್ಷ ಹೊಲಿದ ಕಣ್ಣಿಗೆ ಆ ನೂಲು ಕಾಣಲಿಲ್ಲ.

ಖುಷಿಯಾಯಿತು ಅಂತಲೇ ಬರೆದುಕೋ. ಬೆಳಿಗ್ಗೆ ಇವರು ಕಾಫಿ ಕುಡಿಯುತ್ತಾ ನನ್ನ ಮುಖ ನೋಡಿ, "ಗೆದ್ದೋರ ಮುಖ ಹಿಂಗಾ ಇರ್ತದೆ?" ಅಂದರು. ನಿದ್ದೆ ಇಲ್ಲ ಅಂದೆ.

ಜಪಾನಿನವರು ಎಷ್ಟು ಓಡುತ್ತಾರೆ ಅಣ್ಣ. ಒಬ್ಬನೂ ನಾನು ದೊಡ್ಡವನು ಅನ್ನುವುದಿಲ್ಲ. ಪಾಪ, ಅವರ ತಪ್ಪೇನೂ ಇಲ್ಲ.

ಇಂದ್ರಾಣಿ


ಕಲ್ಯಾಣದುರ್ಗ
6 ಡಿಸೆಂಬರ್, ಮಂಗಳವಾರ

ಅಣ್ಣ,

ಕ್ರೊಯೇಷಿಯಾ ಮುಂದೆ ಜಪಾನ್ ಪೆನಾಲ್ಟಿಯಲ್ಲಿ ಹೋಯಿತು. ನಾನು ಬರಿಯ ಗೋಲು ಕಾಯುವ ಗೋಲಿಯನ್ನೇ ನೋಡುವವಳು ಅಂತ ನಿನಗೆ ಗೊತ್ತಲ್ಲ. ಅವತ್ತು ಕ್ರೊಯೇಷಿಯಾದ ಗೋಲಿ ಮೂರು ಹಿಡಿದ. ಅವನನ್ನು ಬೈಯಲೂ ಆಗಲಿಲ್ಲ.

ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು. ನನ್ನ ಹೊಸ ಟೀಮು ಮೊರಾಕೊ. ಇವತ್ತು ರಾತ್ರಿ ಸ್ಪೇನ್ ಮೇಲೆ ಆಡುತ್ತಾರೆ. ಅವರು ಗೆಲ್ಲುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಇಂದ್ರಾಣಿ


ಹಿಂದೂಪುರ
10 ಡಿಸೆಂಬರ್, ಶನಿವಾರ

ಇಂದ್ರಾಣಿಗೆ,

ನಿನ್ನೆಯಂಥ ದಿನ ಯಾರಿಗೂ ಬೇಡ. ರಾತ್ರಿ ಬ್ರೆಜಿಲ್ ಹೋಯಿತು. ಕೊನೆಯ ಹತ್ತು ನಿಮಿಷ ಚೆಂಡು ಇಟ್ಟುಕೊಂಡು ಕೂತಿದ್ದರೆ ಆಗುತ್ತಿತ್ತು, ಇನ್ನೊಂದು ಗೋಲಿಗೆ ಆಸೆಪಟ್ಟರು. ನಡುರಾತ್ರಿ ಕಳೆದ ಮೇಲೆ ಅರ್ಜೆಂಟೀನಾ ಮುಂದೆ ನೆದರ್‌ಲ್ಯಾಂಡ್ಸೂ ಹೋಯಿತು. ಎರಡು ಗೋಲು ಹಿಂದಿದ್ದವರು ಕೊನೆಯ ಗಳಿಗೆಯಲ್ಲಿ ಸಮ ಮಾಡಿ, ಮತ್ತೆ ಪೆನಾಲ್ಟಿಯಲ್ಲಿ ಸೋತರು. ಅಷ್ಟು ವರ್ಷ ಜೊತೆಗಿದ್ದು, ಅವರು ಹಾಗೆ ಆಡಿದ ದಿನವೇ ನಾನು ಅವರ ಕಡೆ ಇರಲಿಲ್ಲ. ಬೆಳಿಗ್ಗೆ ಊಟ ತಿಂಡಿ ಯಾವುದೂ ಬೇಡವಾಯಿತು.

ನನ್ನ ಟೀಮು ಈಗ ಅರ್ಜೆಂಟೀನಾ. ಬರೆದಾಯಿತು.

ನಿನ್ನ ಮೊರಾಕೊ ಬಗ್ಗೆ. ಸ್ಪೇನಿನವರು ಸಾವಿರ ಪಾಸು ಕೊಟ್ಟರಂತೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿದ್ದೇ ಓಡಿದ್ದು, ಬಟ್ಟೆ ಒಂದು ಗೇಣು ಮುಂದೆ ಬರಲಿಲ್ಲ. ಅಂಥವರು ಸೋಲುವುದು ನ್ಯಾಯವೇ. ಆದರೆ ನಿನ್ನ ವಿಷಯ ನನಗೆ ಅರ್ಥವಾಗುತ್ತಿಲ್ಲ. ಯಾರೂ ಹಿಡಿಯದ ಟೀಮು ಹಿಡಿಯುತ್ತೀಯ, ಅದು ಗೆಲ್ಲುತ್ತದೆ. ಇದು ಹಟ. ನಿನಗೆ ಈ ಮನೆಗೆ ಬರುವುದು ಬೇಡ ಅಂತಿದ್ದರೆ ನೇರವಾಗಿ ಬರೆದುಬಿಡು. ಅವತ್ತು ಅಮ್ಮನ ಮಣ್ಣಿಗೆ ನೀನು ಬರುವ ತನಕ ಕಾಯಲಿಲ್ಲ ಅಂತ ನಿನ್ನ ಮನಸ್ಸಿನಲ್ಲಿದ್ದರೆ ಅದನ್ನೂ ಬರಿ. ಎರಡೂವರೆ ವರ್ಷದಿಂದ ನಾನೂ ಕೇಳಿಲ್ಲ, ನೀನೂ ಹೇಳಿಲ್ಲ.

ವೆಂಕಟರಾಮಪ್ಪ


ಕಲ್ಯಾಣದುರ್ಗ
12 ಡಿಸೆಂಬರ್, ಸೋಮವಾರ

ಅಣ್ಣ,

ಹಟ ಯಾರದು? ಗೆಲ್ಲುವ ಟೀಮು ಹಿಡಿದವನು ನೀನು. ಕೇಸರಿ ಬಿಟ್ಟು ಹಳದಿ ಹಿಡಿದೆ, ಹಳದಿ ಬಿಟ್ಟು ಅರ್ಜೆಂಟೀನಾ ಹಿಡಿದೆ. ಸೋತು ನನ್ನ ಮನೆಗೆ ಬರುವುದು ನಿನಗೇ ಬೇಡವಾಗಿದೆ. ನಾಲ್ಕು ಸಲ ಬಂದದ್ದು ಜಾಸ್ತಿಯಾಯಿತೇನೋ. ಫೋನಿನಲ್ಲಿ ಬಾ ಅಂದಾಗಲೂ "ನೋಡೋಣ ಕಣಮ್ಮ, ಬಸ್ಸು ಆಗಾಕಿಲ್ಲ ಈಗ" ಅನ್ನುತ್ತೀಯ. ಬಸ್ಸಿಗೆ ಏನಾಗಿದೆ?

ಮೊರಾಕೊ ಪೋರ್ಚುಗಲನ್ನೂ ಸೋಲಿಸಿತು. ನಾನು ಏನು ಮಾಡಲಿ? ಅವರ ಗೋಲಿ ನಗುತ್ತಾನೆ ಅಣ್ಣ. ಎದುರಿಗೆ ಎಂಥವನು ಬಂದು ನಿಂತರೂ ನಗುತ್ತಾನೆ. ಅಂಥವನು ನಿಂತಿರುವಾಗ ಸೋಲು ಅಂತ ಹೇಗೆ ಕೇಳಿಕೊಳ್ಳಲಿ?

ಮ್ಯಾಚು ಮುಗಿದ ಮೇಲೆ ಒಬ್ಬ ಆಟಗಾರ ತನ್ನ ತಾಯಿಯನ್ನು ಮೈದಾನಕ್ಕೆ ಕರೆದುಕೊಂಡು ಬಂದು ಅವಳ ಜೊತೆ ಕುಣಿದ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸು, ನಮ್ಮಮ್ಮನಷ್ಟೇ ಎತ್ತರ. ನೀನೂ ನೋಡಿರುತ್ತೀಯ. ನಾನು ಮೊಬೈಲನ್ನು ಕವುಚಿ ಹಾಕಿದೆ.

ನೀನು ಅಮ್ಮನ ವಿಷಯ ಬರೆದಿದ್ದೀಯ. ಅದಕ್ಕೆ ಈಗ ಉತ್ತರ ಬರೆಯಲಾರೆ.

ಇಂದ್ರಾಣಿ


ಹಿಂದೂಪುರ
14 ಡಿಸೆಂಬರ್, ಬುಧವಾರ

ಅಮ್ಮಾ ಇಂದ್ರಾಣಿ,

ನಿನ್ನ ಕಾಗದ ಮಧ್ಯಾಹ್ನ ಬಂತು. ಜಗಳ ಬೇಡ. ನಾನು ಬರೆದದ್ದು ಒರಟಾಯಿತು, ಮರೆತುಬಿಡು. ನಿನ್ನ ಮನೆಗೆ ಬರುವುದು ಬೇಡ ಅಂತ ನಾನು ಯಾವತ್ತೂ ಅಂದುಕೊಂಡವನಲ್ಲ. ನಿನ್ನ ಕೈಯ ಮುದ್ದೆ, ಕಡಲೆಕಾಯಿ ಚಟ್ನಿ ತಿಂದು ನಿನ್ನ ಬಡಾಯಿ ಕೇಳುತ್ತಾ ಕೂತ ದಿನಗಳು ನನಗೆ ಸೋಲು ಅನ್ನಿಸಿಯೇ ಇಲ್ಲ.

ಸಮಾಧಾನಕ್ಕೆ ಆಟದ ವಿಷಯ ಬರೆಯುತ್ತೇನೆ. ಅರ್ಜೆಂಟೀನಾ ಕ್ರೊಯೇಷಿಯಾ ಮೇಲೆ ಮೂರು ಹೊಡೆದು ಫೈನಲ್ ಸೇರಿತು. ಆ ಹತ್ತನೇ ನಂಬರಿನವನು ಮೂವತ್ತೈದು ವಯಸ್ಸಿಗೆ ಇಪ್ಪತ್ತರ ಹುಡುಗನನ್ನು ಗೆರೆಯ ಪಕ್ಕ ಸುತ್ತಿಸಿ ಸುತ್ತಿಸಿ ಬಿಟ್ಟ. ಆದರೆ ನನ್ನ ಮನಸ್ಸು ಇದ್ದದ್ದು ಕ್ರೊಯೇಷಿಯಾದ ಅಂಗಿಯ ಮೇಲೆ. ಕೆಂಪು ಬಿಳಿ ಚೌಕುಳಿ. ನಿನ್ನೆ ಆ ಹಸಿರು ಹುಲ್ಲಿನ ಮೇಲೆ ಹನ್ನೊಂದು ಜನ ಆ ಕೆಂಪು ಚೌಕುಳಿ ಹೊತ್ತು ಓಡುತ್ತಿದ್ದರೆ ಒಂದೊಂದು ಚೌಕದ ಮನೆಯೂ ಎದ್ದು ಕಾಣುತ್ತಿತ್ತು. ಆ ಕೆಂಪು ನಾವು ಸೆರಗಿಗೆ ಹಾಕುವ ಕುಂಕುಮದ ಕೆಂಪಲ್ಲ, ಒಂದು ಪಾಲು ಕಿತ್ತಳೆ ಬೆರೆತದ್ದು. ಸೋತರೂ ಅಂಗಿ ಸೋಲಲಿಲ್ಲ.

ಭಾನುವಾರ ಫೈನಲ್. ಇವತ್ತು ರಾತ್ರಿ ಫ್ರಾನ್ಸ್ ಮೇಲೆ ನಿನ್ನ ಮೊರಾಕೊ ಗೆದ್ದರೆ ನಾವಿಬ್ಬರೂ ಎದುರುಬದುರು. ಯಾರು ಗೆದ್ದರೂ ಸರಿ, ನೀನು ಒಂದು ಸಲ ಬಂದು ಹೋಗು ಅಂತ ಬರೆಯಬೇಕು ಅನ್ನಿಸುತ್ತದೆ. ಆದರೆ ಕಾನೂನು ಕಾನೂನೇ.

ಅಣ್ಣ


ಕಲ್ಯಾಣದುರ್ಗ
16 ಡಿಸೆಂಬರ್, ಶುಕ್ರವಾರ

ಅಣ್ಣ,

ಕಾಗದ ಬೆಳಿಗ್ಗೆ ಬಂತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡ.

ಆ ಮ್ಯಾಚಿನಲ್ಲಿ ಕ್ರೊಯೇಷಿಯಾದವರು ಕೆಂಪು ಚೌಕುಳಿ ಹಾಕಿರಲಿಲ್ಲ. ಕಡುನೀಲಿ ಹಾಕಿದ್ದರು, ಕಪ್ಪು ಅನ್ನುವಷ್ಟು ಗಾಢ. ಜಪಾನ್ ಮೇಲೆ ಆಡಿದಾಗ ಚೌಕುಳಿ, ಅವತ್ತು ಅಲ್ಲ. ಆಟ ನೋಡಿದ ಮಗುವೂ ಅದನ್ನು ಹೇಳುತ್ತದೆ. ಮಳಿಗೆಯಲ್ಲಿ ಗಳಿಗೆ ನಿಂತು ಏಳು ತರದ ಕೆಂಪು ಬೇರೆ ಮಾಡುತ್ತಿದ್ದವನು ನೀನು. ನಿನಗೆ ಬಣ್ಣ ತಪ್ಪಿದೆ ಅಂದರೆ ನೀನು ನೋಡಿಲ್ಲ. ಕೇಳಿಸಿಕೊಂಡಿದ್ದೀಯ.

ಹಳೆಯ ಕಾಗದಗಳನ್ನು ತೆಗೆದು ಹರಡಿಕೊಂಡು ಕೂತೆ. ಇಳಿಜಾರು ಸಾಲು, ನನ್ನ ಕಾಗದ ಓದುವ ಹರಿತಾ, ಗೋಲು ಬಿದ್ದದ್ದು ಬಿಟ್ಟು ಕುರ್ಚಿಯಿಂದ ಎದ್ದವರ ಸುದ್ದಿ, ಬಸ್ಸು ಆಗಾಕಿಲ್ಲ ಅಂದ ಮಾತು. ಎಲ್ಲ ಕಣ್ಣೆದುರಿಗೇ ಇತ್ತು, ಕಣ್ಣಿದ್ದ ನನಗೆ ಕಾಣಲಿಲ್ಲ. ಹರಿತಾಗೆ ಫೋನ್ ಮಾಡಿದೆ. ಮೊದಲು ಏನೂ ಇಲ್ಲ ಅತ್ತೆ ಅಂದಳು, ಆಮೇಲೆ ಅತ್ತಳು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಕ್ಕೆ ಹೋಗಿದೆ, ಎಡಗಣ್ಣು ಹೋಯಿತು, ಬಲಗಣ್ಣಿಗೆ ಕಿಟಕಿ ಹತ್ತಿರ ಕೂತರೆ ಮುಖ ಕಾಣುತ್ತದೆ, ದಸರಾದಿಂದ ಮಗ್ಗಕ್ಕೆ ಕೂತಿಲ್ಲ. ಇಂದ್ರಾಣಿಗೆ ಹೇಳಿದರೆ ಹೆದರಿ ಓಡಿ ಬರುತ್ತಾಳೆ, ಹಾಗೆ ಬರುವುದು ಬೇಡ, ಆಟದಲ್ಲಿ ಸೋತು ನಗುತ್ತಾ ಬರಲಿ, ಆ ಮುಖ ನೋಡಬೇಕು ಅಂದೆಯಂತೆ. ಅದಕ್ಕಾ ಅಣ್ಣ ಬ್ರೆಜಿಲ್?

ಈಗ ನನ್ನದು ಕೇಳು. ನಾನು ಜಪಾನ್ ಹಿಡಿದದ್ದು ಸೋಲುವುದಕ್ಕೆ. ಮೊರಾಕೊ ಹಿಡಿದದ್ದೂ ಸೋಲುವುದಕ್ಕೆ. ಸುಮ್ಮನೆ ಬರುವುದಕ್ಕೆ ನನಗೆ ಮುಖ ಇರಲಿಲ್ಲ, ಸೋತವಳಾಗಿ ಬಂದರೆ ಯಾರೂ ಏನೂ ಕೇಳುವುದಿಲ್ಲ ಅಂದುಕೊಂಡೆ. ಅಮ್ಮ ಹೋದ ದಿನ ನಾನು ಮನೆಯಲ್ಲಿ ಕೂತಿರಲಿಲ್ಲ. ಲಾಕ್‌ಡೌನ್ ಅಂತ ಬಸ್ಸಿಲ್ಲ, ಇವರು ಬೈಕಿನಲ್ಲಿ ಕರೆದುಕೊಂಡು ಹೊರಟರು. ಪೆನುಕೊಂಡದ ಕೋಟೆ ಕಾಣುವ ಹತ್ತಿರಕ್ಕೆ ಬಂದಿದ್ದೆವು. ರಸ್ತೆಗೆ ಅಡ್ಡ ಕಟ್ಟಿದ್ದರು, ಅನುಮತಿ ಪತ್ರವಿಲ್ಲದೆ ಬಿಡುವುದಿಲ್ಲ ಅಂದರು. ಮೂರು ಗಂಟೆ ನಿಂತು ಹಿಂದಿರುಗಿದೆ. ಅಷ್ಟು ಹತ್ತಿರ ಬಂದು ಹಿಂದಿರುಗಿದೆ ಅಂತ ನಿನಗೆ ಹೇಳಲು ನಾಚಿಕೆಯಾಯಿತು. ಕಾಲ್ನಡಿಗೆಯಲ್ಲಾದರೂ ಬರಬೇಕಿತ್ತು.

ಮೊರಾಕೊ ಸೋತಿತು. ಕಾನೂನಿಗೆ ಒಂದು ಟೀಮು ಬೇಕು, ಉಳಿದದ್ದು ಫ್ರಾನ್ಸ್. ಫ್ರಾನ್ಸ್ ಅಂತಲೇ ಬರೆದುಕೋ. ಆದರೆ ಫೈನಲ್ ಯಾರಾದರೂ ಗೆಲ್ಲಲಿ, ಭಾನುವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಸೋತವಳಾಗಿ ಅಲ್ಲ. ಮ್ಯಾಚಿಗೆ ಎರಡು ದಿನ ಮೊದಲೇ ಬರೆದಿದ್ದೇನೆ, ಠಸ್ಸೆಯೇ ಸಾಕ್ಷಿ.

ಇಂದ್ರಾಣಿ


ಹಿಂದೂಪುರ
21 ಡಿಸೆಂಬರ್, ಬುಧವಾರ

ಅಮ್ಮಾ ಇಂದ್ರಾಣಿ,

ಹೇಳುತ್ತಿರುವುದು ನಾನು, ಬರೆಯುತ್ತಿರುವುದು ಹರಿತಾ. ಇನ್ನು ಮುಚ್ಚಿಡುವುದೇನಿದೆ. ಸಾಲು ನೇರವಾಗಿವೆ ಅಂತ ನೀನು ಖುಷಿಪಡಬಹುದು.

ನೀನು ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿದೆ. ಮಧ್ಯಾಹ್ನ ಪೋಸ್ಟ್‌ಮನ್ ಕೇಶವ ಬಾಗಿಲಲ್ಲಿ ನಿಂತು, "ಮೀ ಚೆಲ್ಲೆಲಿ ಉತ್ತರಂ ವಚ್ಚಿಂದಿ" ಅಂದ. ತಂಗಿಯೇ ಬಂದು ಹೋದಳಲ್ಲಪ್ಪ, ಇನ್ನೆಲ್ಲಿಯ ಕಾಗದ ಅಂದೆ. ಎರಡು ದಿನ ಎದುರಿಗೆ ಕೂತು ಪೆನುಕೊಂಡದ ಮಾತು ನಿನ್ನ ಬಾಯಿಂದ ಬರಲಿಲ್ಲ. ಕಾಗದದಲ್ಲಿ ಬಂತು. ಹರಿತಾ ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು. ಮತ್ತೆ ಓದು ಅಂದೆ.

ನನ್ನದೂ ಒಂದು ಇದೆ, ಅದೂ ಬಾಯಲ್ಲಿ ಬರುವುದಿಲ್ಲ. ಅವತ್ತು ಎಲ್ಲರೂ ಬೇಗ ಎತ್ತಿ ಅಂದರು. ನಾನು ದೀಪ ಹಚ್ಚುವ ಹೊತ್ತಿನ ತನಕ ಅಮ್ಮನನ್ನು ಎತ್ತಲು ಬಿಡಲಿಲ್ಲ. ಬೀದಿಯ ಕೊನೆಗೆ ಬೈಕಿನ ಸದ್ದು ಬಂದಾಗಲೆಲ್ಲ ಎದ್ದು ಎದ್ದು ನೋಡಿದೆ. ನೀನು ಹೊರಟೇ ಇಲ್ಲ ಅಂದುಕೊಂಡು ಇಷ್ಟು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದೆ. ನೀನು ಪೆನುಕೊಂಡದ ರಸ್ತೆಯಲ್ಲಿ ನಿಂತಿದ್ದ ಹೊತ್ತಿನಲ್ಲೇ ನಾನು ಬೀದಿ ನೋಡುತ್ತಿದ್ದೆ. ಇದನ್ನು ಅಮ್ಮನಿಗೆ ಯಾರು ಹೇಳುತ್ತಾರೆ?

ಫೈನಲ್ಲಿನ ದಿನ ಮರೆಯುವುದಿಲ್ಲ. ನನ್ನ ಪಕ್ಕ ಕೂತು ನೀನು ಚೆಂಡು ಎಲ್ಲಿದೆ ಅಂತ ಹೇಳುತ್ತಾ ಹೋದೆ. "ಅಮ್ಮನ ನೀರಿನ ಬಣ್ಣದ ಸೀರೆ ಇತ್ತಲ್ಲಣ್ಣ, ಅದೇ ನೀಲಿ, ಮಧ್ಯಮಧ್ಯ ಬಿಳಿ ಪಟ್ಟೆ ಕಣೋ" ಅಂದೆಯಲ್ಲ, ಅಲ್ಲಿಂದ ಮುಂದೆ ನನಗೆ ಎಲ್ಲ ಕಾಣಿಸಿತು. ಎರಡು ನಿಮಿಷದಲ್ಲಿ ಫ್ರಾನ್ಸ್ ಎರಡು ಹೊಡೆದಾಗ ಅದು ನಿನ್ನದೇ ಟೀಮು ಅನ್ನುವುದನ್ನು ಮರೆತು ನೀನು ನನ್ನ ತೋಳು ಹಿಂಡಿದ್ದೀಯ, ಇನ್ನೂ ನೋಯುತ್ತಿದೆ. ಕೊನೆಯಲ್ಲಿ ನಮ್ಮ ಗೋಲಿ ಕಾಲು ಚಾಚಿ ತಡೆದಾಗ ನೀನು ಮಾತೇ ನಿಲ್ಲಿಸಿದೆ. ಏನಾಯ್ತು, ಏನಾಯ್ತು ಅಂತ ನಾನು ಕೇಳುತ್ತಲೇ ಇದ್ದೆ. ಮರುದಿನ ಬೆಳಿಗ್ಗೆ ಕಿಟಕಿ ಹತ್ತಿರ ಕೂರಿಸಿಕೊಂಡು ನಿನ್ನ ಮುಖ ನೋಡಿದೆ. ವಯಸ್ಸಾಗಿದೆ ಕಣಮ್ಮ ನಿನಗೆ. ನಗು ಮಾತ್ರ ಹಾಗೇ ಇದೆ.

ಕಣ್ಣಿಗೆ ಜನವರಿಯಲ್ಲಿ ಇಂಜೆಕ್ಷನ್ ಕೊಡುತ್ತಾರೆ. ಇರುವುದು ಉಳಿಯಬಹುದು ಅಂದಿದ್ದಾರೆ.

ಇನ್ನು ಕಾನೂನಿನ ವಿಷಯ. ನಿನ್ನ ಲಕೋಟೆಯ ಠಸ್ಸೆಯನ್ನು ಕೇಶವನ ಕೈಯಲ್ಲೇ ಓದಿಸಿದೆ. ಕಲ್ಯಾಣದುರ್ಗ, ಹದಿನಾರು, ಸ್ಪಷ್ಟವಾಗಿದೆ. ಅಂದರೆ ನೀನು ಭಾನುವಾರ ಬಂದದ್ದು ಸೋತು ಬಂದದ್ದಲ್ಲ, ನೀನೇ ಬರೆದುಕೊಟ್ಟಿದ್ದೀಯ. ಅರ್ಜೆಂಟೀನಾ ಗೆದ್ದದ್ದು ಆಮೇಲೆ. ಹಾಗಾಗಿ ಸೋತವಳು ಇನ್ನೂ ಬಂದಿಲ್ಲ. ಸಂಕ್ರಾಂತಿಗೆ ಬಾ. ಮೊನ್ನೆ ನೀನು ತರದೆ ಬಂದ ಕಡಲೆಕಾಯಿ ಉಂಡೆ ತೆಗೆದುಕೊಂಡು ಬಾ, ಒಂದು ಊಟ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ನನ್ನ ಬಡಾಯಿ ಕೇಳು.

ಅಣ್ಣ